ಬೇಟೆ ನಿಂತಿತು, ತೊಗಲಿನ ಚೀಲ ನಿಂತಿಲ್ಲ

ಕೇಪಿನ ಕೋವಿಗೆ ಸಿದ್ಧ ತೋಟಾ ಇರಲ್ಲ. ನಳಿಗೆಯ ಬಾಯಿಂದ ಮೊದಲು ಮದ್ದು, ಮೇಲೆ ಬಟ್ಟೆಯೋ ನಾರೋ, ಆಮೇಲೆ ಚರೆ. ಉದ್ದನೆ ಸರಳಿನಿಂದ ಜಡಿದು ಕೊನೆಗೆ ಕೇಪು. ಇದಿಷ್ಟೂ ಮಳೆಕಾಡಲ್ಲಿ ಒದ್ದೆಯಾಗದಂತೆ ಒಯ್ಯೋಕೆ ಸೊಂಟಕ್ಕೆ ತೊಗಲಿನ ಚೀಲ ಬೇಕಿತ್ತು.

1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಷೇಧವಾಯ್ತು. ಆದ್ರೆ ಕೊಡಗಿನಲ್ಲಿ ಕೋವಿ ಉಳಿದಿದೆ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬಕ್ಕೆ ಅದಕ್ಕೆ ಪೂಜೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು.

ನಾನು ನಿಂಬರ್ಗಾದವ. ವಾರವೆಲ್ಲ ಕೋಡಿಂಗ್, ಭಾನುವಾರ ತೊಗಲು. ಕೊಡಗಿನ ಸಹೋದ್ಯೋಗಿ ಹಬ್ಬಕ್ಕೆ ಚೀಲ ಕೇಳಿದಾಗ ಊರಿನ ಸಮಗಾರ ಕಾಕಾನ ಹತ್ರ ಕೂತೆ. ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ಎಮ್ಮೆ ತೊಗಲನ್ನೇ ಆರಿಸಿದ್ವಿ. ನೆನೆಸಿ ಮರದ ಅಚ್ಚಿಗೆ ಒತ್ತಿದ್ರೆ ಒಣಗಿದ ಮೇಲೂ ಅದೇ ಆಕಾರ. ಅಂಗಡಿಯ ಮೆತ್ತನೆ ಕ್ರೋಮ್ ತೊಗಲು ಹಂಗೆ ನಿಲ್ಲಲ್ಲ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ, ಒಂದೇ ತೂತಿನಲ್ಲಿ ಎದುರುಬದುರು. ಒಂದು ಹೊಲಿಗೆ ಹರಿದ್ರೂ ಉಳಿದವು ಬಿಚ್ಚಲ್ಲ. ಮಷೀನ್ ಹೊಲಿಗೆ ಹಾಗಲ್ಲ, ಹರಿದ ಕಡೆಯಿಂದ ಸಡಿಲಾಗ್ತಾ ಹೋಗುತ್ತೆ.

ಕಾಕಾ ಹೊಲಿಗೆ ಎಳೆದು ನೋಡಿ ಅಂದ: "ಇದು ನಿನ್ನ ಮಗನ ಕಾಲಕ್ಕೂ ಬರ್ತದ ತಮ್ಮಾ. ಆದ್ರ ನನ್ನ ಮಗ ರಾಪಿ ಹಿಡಿಯಂಗಿಲ್ಲ, ಪುಣೆಗೆ ಹೋಗ್ಯಾನ." ಕೂಲಿ ಎಷ್ಟು ಅಂತ ಕೇಳಿದ್ರೆ ನನ್ನ ಒಂದು ತಾಸಿನ ಸಂಬಳಕ್ಕಿಂತ ಕಡಿಮೆ ಹೇಳಿದ. ಎರಡು ಪಟ್ಟು ಕೊಟ್ಟೆ. ಸಹೋದ್ಯೋಗಿಗೂ ಅದನ್ನೇ ಲೆಕ್ಕ ಹಾಕಿದೆ.

ಚೀಲ ತಗೊಳ್ಳೋರಿಗೆ ಒಂದು ಮಾತು: ಮಳೆಗಾಲದಲ್ಲಿ ಕೋವಿಯನ್ನು ತೊಗಲಿನ ಕವರ್‌ನಲ್ಲೇ ಬಿಡಬೇಡಿ. ತೊಗಲು ತೇವ ಹಿಡಿದಿಟ್ಟು ನಳಿಗೆಗೆ ತುಕ್ಕು ಹತ್ತಿಸ್ತದ.