ಕ್ಯಾಮೆರಾ ನಿಮ್ಮದು, ಕೀಲಿ ಯಾರದು?

ಹೊಸಪೇಟೆ: ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಜಾರದ ಕಡೆ ಹೆಜ್ಜೆ ಹಾಕಿ. ಬಟ್ಟೆ ಅಂಗಡಿ, ಮೆಡಿಕಲ್ ಶಾಪು, ಖಾನಾವಳಿ, ಎಲ್ಲಿ ತಲೆ ಎತ್ತಿದರೂ ಒಂದು ಕರೀ ಕಣ್ಣು. ಕೆಳಗೊಂದು ಬೋರ್ಡು: ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ. ಯಾರ ಕಣ್ಗಾವಲು ಸ್ವಾಮಿ? ಅದನ್ನು ಮಾತ್ರ ಬೋರ್ಡು ಹೇಳುವುದಿಲ್ಲ.

ಸಾವ್ಕಾರರನ್ನು ಕೇಳಿದರೆ ಮುಖ ಅರಳುತ್ತದೆ. "ಕಂಪ್ಲಿಗೆ ಮದುವಿಗೆ ಹೋದ್ರೂ ಅಂಗಡಿ ಫೋನಿನ್ಯಾಗ ಕಾಣ್ತೈತ್ರೀ." ಸರಿ, ಪಾಸ್‌ವರ್ಡ್? "ಅದು ಕೂಡ್ರಿಸಿದ ಹುಡುಗಗ ಗೊತ್ತೈತಿ ನೋಡ್ರಿ." ಗಲ್ಲಾಪೆಟ್ಟಿಗೆಯ ಕೀಲಿಯನ್ನು ಹೆಂಡತಿಗೂ ಕೊಡದ ಮನುಷ್ಯ ಇಡೀ ಅಂಗಡಿಯ ಕೀಲಿಯನ್ನು ಹೆಸರು ಗೊತ್ತಿಲ್ಲದ ಹುಡುಗನ ಕೈಗೆ ಕೊಟ್ಟು ಕೂತಿದ್ದಾರೆ.

ನಡೆಯುವುದು ಇಷ್ಟು. ಕ್ಯಾಮೆರಾ ಕಂಡದ್ದು ರೆಕಾರ್ಡಿಂಗ್ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ಇಂಟರ್ನೆಟ್ ಮೇಲೆ ಕಂಪನಿಯ ಸರ್ವರಿನ ನೆರವಿನಿಂದ ನಿಮ್ಮ ಫೋನಿಗೆ ಬರುತ್ತದೆ. ಖಾತೆ ಯಾರ ನಂಬರಿನಲ್ಲಿದೆಯೋ ಅವರೇ ಯಜಮಾನರು. ಅವಸರದಲ್ಲಿ ಫಿಟ್ಟಿಂಗ್ ಹುಡುಗ ತನ್ನ ನಂಬರು ಹಾಕಿದ್ದರೆ ಯಜಮಾನ ಅವನೇ. ಪೆಟ್ಟಿಗೆಯ ಜತೆ ಬಂದ ಪಾಸ್‌ವರ್ಡನ್ನು ಬದಲಿಸದಿದ್ದರಂತೂ ಊರೆಲ್ಲ ಯಜಮಾನರು.

ಇದು ಹೆದರಿಸಲು ಕಟ್ಟಿದ ಕಥೆಯಲ್ಲ. 2016ರ ಅಕ್ಟೋಬರಿನಲ್ಲಿ 'ಮಿರಾಯ್' ಎಂಬ ಕಳ್ಳ ಪ್ರೋಗ್ರಾಮು ಹೀಗೇ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೆಕಾರ್ಡಿಂಗ್ ಪೆಟ್ಟಿಗೆಗಳನ್ನು ವಶ ಮಾಡಿಕೊಂಡು ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಮಲಗಿಸಿತ್ತು. ಅಷ್ಟು ದೂರ ಯಾಕೆ? 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾದ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಿದ್ದವು. ಪರೀಕ್ಷೆಗೆ ಬಂದ ಹೆಣ್ಣುಮಕ್ಕಳ ದೃಶ್ಯಗಳು. ನಮ್ಮಲ್ಲಿ ಸೀರೆ ಅಂಗಡಿಗೆ, ಹಂಪಿಯ ಲಾಡ್ಜಿಗೆ ಬರುವವರೂ ಯಾರದೋ ಮನೆಯ ಹೆಣ್ಣುಮಕ್ಕಳೇ.

ಹಾಗಂತ ಕ್ಯಾಮೆರಾ ಕಿತ್ತು ಹಾಕಿ ಎನ್ನುತ್ತಿಲ್ಲ. ಒಂದೇ ಸಲಕ್ಕೆ ನೂರು ಜನ ಅಥವಾ ದಿನಕ್ಕೆ ಐನೂರು ಜನ ಸೇರುವ ಕಡೆ ಕ್ಯಾಮೆರಾ ಇರಲೇಬೇಕು, 30 ದಿನದ ದೃಶ್ಯ ಕಾಪಾಡಬೇಕು ಎಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೇ ಹೇಳುತ್ತದೆ. ಸಂಡೂರಿನವರಿಗೆ ಕಣ್ಗಾವಲು ಹೊಸದೂ ಅಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದ ಮೇಲೆ ಅದಿರು ಲಾರಿಗಳಿಗೆ ಜಿಪಿಎಸ್ ಬಂತು. ಆದರೆ ಲಾರಿಯನ್ನು ಯಾರು ನೋಡುತ್ತಾರೆ, ಯಾಕೆ ನೋಡುತ್ತಾರೆ ಎಂಬುದು ಡ್ರೈವರ್‌ಗೆ ಗೊತ್ತು. ಅಂಗಡಿಯ ಗಿರಾಕಿಗೆ ಗೊತ್ತಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮ ಬಂದವು. ಮುಖ್ಯ ಕಲಮುಗಳ ಜಾರಿಗೆ ಕೊಟ್ಟ ವಾಯಿದೆ 18 ತಿಂಗಳು, ಅಂದರೆ 2027ರ ಮೇ.

ಆ ಕಾಯ್ದೆಯಲ್ಲಿ ನಮಗೆ ಬೇಕಾದ ಒಂದು ಮಾತಿದೆ. ನಿಮ್ಮ ಒಪ್ಪಿಗೆ ಕೇಳುವವರು ಏನು ಮಾಹಿತಿ ತಗೊಳ್ತೇವೆ, ಯಾಕೆ ತಗೊಳ್ತೇವೆ ಎಂಬುದನ್ನು ಇಂಗ್ಲಿಷಿನಲ್ಲಿ ಮಾತ್ರ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಅವಕಾಶವನ್ನೂ ಕೊಡಬೇಕು. ಕನ್ನಡ ಅದರಲ್ಲಿದೆ. ಪಿಯುಸಿ ಅರ್ಧಕ್ಕೆ ಬಿಟ್ಟ ನಾನೂ ಆ ಆಪಿನ ಇಂಗ್ಲಿಷ್ ಷರತ್ತುಗಳಿಗೆ ಕಣ್ಣು ಮುಚ್ಚಿ 'ಒಪ್ಪಿದೆ' ಒತ್ತಿದವನೇ. ಕನ್ನಡದಲ್ಲಿದ್ದರೆ ಬಸ್ಸು ಬರುವ ತನಕ ಕೂತು ಓದುತ್ತಿದ್ದೆ.

ಇನ್ನೊಂದು ಮಾತು ಅಂಗಡಿಯವರಿಗೆ ಕಹಿ. ಗಿರಾಕಿಯ ಮುಖವೂ ಮಾಹಿತಿಯೇ. ಅದು ಸೋರಿದರೆ ಜವಾಬು ಕಂಪನಿಯದಷ್ಟೇ ಅಲ್ಲ, ಕ್ಯಾಮೆರಾ ಹಾಕಿಸಿದವರದೂ ಹೌದು. ಸೋರಿದ್ದನ್ನು ಆ ಜನಕ್ಕೂ ಮಂಡಳಿಗೂ ತಿಳಿಸಬೇಕು. ರಕ್ಷಣೆಯಲ್ಲಿ ತಪ್ಪಿದವರಿಗೆ ದಂಡದ ಮಿತಿ 250 ಕೋಟಿ ರೂಪಾಯಿ.

2027ರ ತನಕ ಕಾಯಬೇಕಿಲ್ಲ. ಇವತ್ತು ಬಾಗಿಲು ಹಾಕುವ ಮುನ್ನ ಆ ಹುಡುಗನಿಗೆ ಫೋನ್ ಮಾಡಿ ಕರೆಸಿ. ಖಾತೆ ನಿಮ್ಮ ನಂಬರಿಗೆ ಬರಲಿ, ಪಾಸ್‌ವರ್ಡ್ ಬದಲಾಗಲಿ, ಟ್ರಯಲ್ ರೂಮಿನ ಕಡೆ ತಿರುಗಿದ ಕ್ಯಾಮೆರಾ ಇದ್ದರೆ ಈ ಕ್ಷಣವೇ ಇಳಿಯಲಿ. ಹೊಸ ಪಾಸ್‌ವರ್ಡನ್ನು ಚೀಟಿ ಬರೆದು ಪೆಟ್ಟಿಗೆಗೇ ಅಂಟಿಸಬೇಡಿ ಮಾರಾಯ್ರೇ!