‘ಜಾತೋ’ ಅಲ್ಲ, ‘ಯೇತೋ’

ಊರಿನಿಂದ ದಾದರಿಗೆ ಬಂದು ಹೋಟೆಲಿನಲ್ಲೋ ಕಚೇರಿಯಲ್ಲೋ ಕೆಲಸ ಹಿಡಿದ ನಮ್ಮ ಬಂಧುಗಳು ಮೊದಲು ಕಲಿಯುವುದು ಬಜಾರದ ಹಿಂದಿಯನ್ನು. ಅದರಿಂದ ವ್ಯವಹಾರವೇನೋ ಸಾಗುತ್ತದೆ. ಆದರೆ ಶಿವಾಜಿ ಪಾರ್ಕು, ರಾನಡೆ ರಸ್ತೆಗಳ ಈ ಭಾಗ ಮರಾಠಿಗರ ಮನೆಯಂಗಳ. 1966ರ ಜೂನ್ 19ರಂದು ಇದೇ ದಾದರಿನಲ್ಲಿ ಶಿವಸೇನೆ ಹುಟ್ಟಿ, ದಕ್ಷಿಣದವರು ಹೊರಗಿನವರೆಂಬ ಕೂಗೆದ್ದ ದಿನಗಳನ್ನು ಹಿರಿಯರು ಮರೆತಿಲ್ಲ. ನಾಲ್ಕು ಮರಾಠಿ ಮಾತುಗಳು ಆಗ ಕಲ್ಲನ್ನು ತಡೆಯುತ್ತಿದ್ದವೆಂದು ನಾವು ಹೇಳೆವು. ನೆರೆಯವರ ಕದ ತಟ್ಟುವುದಕ್ಕಾದರೂ ಅವು ಬೇಕಷ್ಟೆ.

ನಾವೂ ತಪ್ಪಿ ಕಲಿತವರೇ. ಗಲ್ಲೆಯಲ್ಲಿ ಕುಳಿತ ಹೊಸತರಲ್ಲಿ ಧೋತರ ಉಟ್ಟ ವೃದ್ಧ ಗಿರಾಕಿಯೊಬ್ಬರನ್ನು ಬಹು ಉತ್ಸಾಹದಿಂದ “ಯೇ, ಬಸ್” ಎಂದು ಸ್ವಾಗತಿಸಿದೆವು. ಅವರು ಕನ್ನಡಕದ ಮೇಲಿನಿಂದ ನಮ್ಮನ್ನೊಮ್ಮೆ ನೋಡಿ, ಮಾತಾಡದೆ ಚಹಾ ಕುಡಿದು ಹೊರಟುಹೋದರು. ‘ಯೇ’ ಎಂದರೆ ‘ಬಾ’, ‘ಯಾ’ ಎಂದರೆ ‘ಬನ್ನಿ’. ‘ಬಸ್’ ಅಲ್ಲ, ‘ಬಸಾ’ ಎನ್ನಬೇಕೆಂದು ನಮಗಿಂತ ಕಿರಿಯ ಮಾಣಿಯೊಬ್ಬ ಆಮೇಲೆ ತಿದ್ದಿದ. ನೀನು, ನೀವು ಎಂಬ ಭೇದವನ್ನೇ ಕಳೆದುಕೊಂಡ ಇಂಗ್ಲಿಷರು ಹೀಗೆ ಎಡವಿದರೆ ಕ್ಷಮ್ಯ. ಕನ್ನಡಿಗನಿಗೆ ಆ ನೆಪವಿಲ್ಲ.

‘ನಮಸ್ಕಾರ’ವನ್ನು ಕಲಿಯಬೇಕಾದುದಿಲ್ಲ. ಹಿರಿಯರನ್ನು “ಕಸೇ ಆಹಾತ?” ಎಂದು ವಿಚಾರಿಸಬೇಕು; “ಕಸಂ ಕಾಯ್?” ಸರೀಕರ ಮಾತು. “ಬರಂ ಆಹೇ” ಎಂಬ ಉತ್ತರ ಬಂದರೆ ಗಾಬರಿ ಬೇಡ, ಅದು ನಮ್ಮ ಬರಗಾಲದ ಬರವಲ್ಲ, ಕ್ಷೇಮವೆಂದೇ ಅರ್ಥ.

ಕಷ್ಟವಿರುವುದು ಹೊರಡುವಾಗ. ಒಮ್ಮೆ ಮರಾಠಿ ಮಿತ್ರರ ಮನೆಯಲ್ಲಿ ಊಟ ಮುಗಿಸಿ ಎದ್ದು “ಜಾತೋ” ಎಂದೆವು. ಮಿತ್ರರ ಅಜ್ಜಿ ಕೈಹಿಡಿದು ನಿಲ್ಲಿಸಿ, “ಹಾಗನ್ನಬಾರದು, ಯೇತೋ ಎನ್ನು” ಎಂದರು. ‘ಹೋಗುತ್ತೇನೆ’ ಎಂಬುದು ಅವರಲ್ಲಿಯೂ ಅಶುಭ. ನಮಗೆ ನಾಚಿಕೆಯಾಯಿತು, ಏಕೆಂದರೆ ನಮ್ಮ ಮನೆಯಲ್ಲಿ ‘ಹೋಗಿ ಬರುತ್ತೇನೆ’ ಎನ್ನದೆ ಹೊಸಿಲು ದಾಟಿದವರಿಲ್ಲ. ಭಾಷಾಂತರಿಸುವಾಗ ಬರುವುದನ್ನು ಬಿಟ್ಟು ಹೋಗುವುದನ್ನಷ್ಟೇ ಒಯ್ದಿದ್ದೆವು. ನಮ್ಮ ಸೋದರಿಯರು ಗಮನಿಸಬೇಕು: ಹೆಂಗಸರು ‘ಯೇತೇ’ ಎನ್ನುತ್ತಾರೆ. ಕನ್ನಡದ ‘ಬರುತ್ತೇನೆ’ಗೆ ಈ ಭೇದವಿಲ್ಲದ್ದರಿಂದ ಇಲ್ಲಿ ನಾಲಗೆ ಜಾರುವುದುಂಟು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ ಸುಮಾರು 5,000 ಮಂದಿ ಪೋಲೆಂಡಿನ ನಿರಾಶ್ರಿತರು ನೆಲೆಸಿದ್ದರು. ಅವರ ನುಡಿಯಲ್ಲಿ ಬೀಳ್ಕೊಡುವ ಮಾತು ‘ದೊ ವಿದ್ಜೇನ್ಯಾ’, ಎಂದರೆ ಮತ್ತೆ ಕಾಣುವವರೆಗೆ. ಮನೆಮಠ ಕಳೆದುಕೊಂಡು ಅಷ್ಟು ದೂರ ಬಂದವರ ಬಾಯಲ್ಲಿಯೂ ವಿದಾಯಕ್ಕೆ ಮರುಭೇಟಿಯ ಮಾತೇ.

ಕಳೆದ ಸಲ ಊರಿಗೆ ಹೊರಟಾಗ ನಾವು ಚಾಳಿನ ಮೆಟ್ಟಿಲ ಬಳಿ ನಿಂತು, ಪಕ್ಕದ ಖೋಲಿಯವರಿಗೆ ಜಾಗ್ರತೆಯಿಂದ “ಯೇತೋ” ಎಂದೆವು. ಒಳಗಿನಿಂದ ಮುದುಕಿಯೊಬ್ಬರ ದನಿ ಬಂತು: “ಸಾವಕಾಶ ಜಾ!” ಆ ಸಾವಕಾಶವನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.