ಗಂಜಿಯ ಗುಣ, ಚೀಲದ ಗೊಂದಲ

ಕನ್ನಡದಲ್ಲಿ ಉಣ್ಣುವ ಗಂಜಿಗೂ ಬಟ್ಟೆಗೆ ಹಾಕುವ ಗಂಜಿಗೂ ಒಂದೇ ಹೆಸರು. ಅನ್ನ ಬಸಿದ ತಿಳಿ ಎರಡಕ್ಕೂ ಒದಗುತ್ತಿತ್ತು. ಆ ತಿಳಿಯಲ್ಲಿರುವ ಪಿಷ್ಟವೇ ಈಗ ತರಕಾರಿ ಅಂಗಡಿಯ ತೆಳು ಕೈಚೀಲದ ರೂಪದಲ್ಲಿಯೂ ಮನೆಗೆ ಬರುತ್ತಿದೆ. 'ಇದು ಪ್ಲಾಸ್ಟಿಕ್ ಅಲ್ಲ ಸರ್, ಮೆಕ್ಕೆಜೋಳದ್ದು, ಮಣ್ಣಿಗೆ ಹಾಕಿದ್ರೆ ಗೊಬ್ಬರ ಆಗುತ್ತೆ' ಎಂಬ ಭರವಸೆಯನ್ನು ಅಂಗಡಿಗಳಲ್ಲಿ ನಾನು ಹಲವು ಬಾರಿ ಕೇಳಿದ್ದೇನೆ. ಇದು ಎಷ್ಟರಮಟ್ಟಿಗೆ ನಿಜ?

ಉತ್ತರಕ್ಕೆ ಪಿಷ್ಟದ ಸ್ವಭಾವವನ್ನೇ ನೋಡಬೇಕು. ಎಲೆ ಬಿಸಿಲಿನ ನೆರವಿನಿಂದ ಸಕ್ಕರೆಯನ್ನು ತಯಾರಿಸುತ್ತದೆ. ಆದರೆ ಸಕ್ಕರೆ ನೀರಿನಲ್ಲಿ ಕರಗುವ ವಸ್ತು. ಹಾಗೆಯೇ ಕೂಡಿಟ್ಟರೆ ಜೀವಕೋಶದೊಳಗೆ ನೀರು ನುಗ್ಗುತ್ತದೆ. ಆದ್ದರಿಂದ ಸಸ್ಯ ಅದನ್ನು ಸರಪಳಿಯಂತೆ ಪೋಣಿಸಿ, ತಣ್ಣೀರಿಗೆ ಕರಗದ ಸೂಕ್ಷ್ಮ ಹರಳುಗಳನ್ನಾಗಿಸಿ ಕಾಳಿನಲ್ಲೋ ಗೆಡ್ಡೆಯಲ್ಲೋ ಬಚ್ಚಿಡುತ್ತದೆ. ಭತ್ತ, ಜೋಳ, ಮರಗೆಣಸು, ಆಲೂಗಡ್ಡೆ ಎಲ್ಲವೂ ಇಂಥ ಉಗ್ರಾಣಗಳೇ. ಮೊಳಕೆಗೆ ಹಸಿವಾದಾಗ ಕಿಣ್ವಗಳು ಆ ಸರಪಳಿಯನ್ನು ಕತ್ತರಿಸಿ ಮತ್ತೆ ಸಕ್ಕರೆಯಾಗಿಸುತ್ತವೆ. ಅನ್ನವನ್ನು ಚೆನ್ನಾಗಿ ಅಗಿದರೆ ಸಿಹಿಯೆನಿಸುವುದೂ ಇದೇ ಕಾರಣದಿಂದ. ನಮ್ಮ ಎಂಜಲಿನಲ್ಲಿಯೂ ಅಂಥ ಕಿಣ್ವವಿದೆ.

ಬಿಸಿ ತಾಗಿದರೆ ಪಿಷ್ಟದ ಹರಳುಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ; ನೀರು ಗಟ್ಟಿಯಾಗಿ ಅಂಟಾಗುತ್ತದೆ. ಒಣಗಿದಾಗ ಅದು ತೆಳುಪೊರೆಯಾಗಿ ಎಳೆಯನ್ನು ಅಪ್ಪಿಕೊಳ್ಳುತ್ತದೆ. ನನ್ನ ತಾಯಿ ಹತ್ತಿಯ ಸೀರೆಗಳನ್ನು ತೆಳ್ಳಗಿನ ಗಂಜಿಯಲ್ಲಿ ಅದ್ದಿ ನೆರಳಿನಲ್ಲಿ ಒಣಹಾಕುತ್ತಿದ್ದರು. ಆ ಪೊರೆ ಸೀರೆಗೆ ಬಿಗಿ ಕೊಡುವುದಲ್ಲದೆ ಕೊಳೆಯನ್ನೂ ತನ್ನ ಮೇಲೆಯೇ ಹೊತ್ತುಕೊಂಡು, ಮುಂದಿನ ಒಗೆತದಲ್ಲಿ ಅದರೊಡನೆ ತೊಳೆದುಹೋಗುತ್ತಿತ್ತು. ನೇಕಾರರೂ ಹಾಸಿನ ನೂಲು ಮಗ್ಗದ ತಿಕ್ಕಾಟಕ್ಕೆ ಕಡಿಯದಿರಲೆಂದು ಗಂಜಿ ಹಾಕುತ್ತಾರೆ. ನೇಯ್ದ ಮೇಲೆ ಅದನ್ನು ತೆಗೆಯುತ್ತಾರೆ. ಗೋಡೆಗೆ ಸಿನಿಮಾ ಪೋಸ್ಟರು ಅಂಟಿಸುವ ಮೈದಾ ಸರಿ, ಹೊಟ್ಟೆಗೆ ಹೋದೊಡನೆ ಮಾತ್ರೆ ಒಡೆಯುವಂತೆ ಬೆರೆಸುವ ಪುಡಿ, ಇವೂ ಪಿಷ್ಟದ ಕೆಲಸಗಳೇ. ಕೆಲಸ ಮುಗಿದೊಡನೆ ಜಾಗ ಖಾಲಿ ಮಾಡುವುದು ಇದರ ದೊಡ್ಡ ಗುಣ.

ಹಾಗೆಂದು ಪಿಷ್ಟ ಹೋದಲ್ಲೆಲ್ಲ ನಿರಪಾಯಕಾರಿಯೆಂದು ಭಾವಿಸಬೇಕಿಲ್ಲ. ಜವಳಿ ಗಿರಣಿಗಳು ಬಟ್ಟೆಯಿಂದ ತೆಗೆದ ಗಂಜಿ ಹಾಗೆಯೇ ಹೊಳೆ ಸೇರಿದರೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಕೊಂಡು ಮೀನುಗಳ ಉಸಿರು ಕಟ್ಟಿಸುತ್ತವೆ. ಕೊಳೆಯುವ ವಸ್ತುವಿಗೂ ಕೊಳೆಯಲು ತಕ್ಕ ಸ್ಥಳ ಬೇಕು.

ಚೀಲದ ವಿಷಯದಲ್ಲಿ ನಾವು ಮರೆತಿರುವುದು ಇದನ್ನೇ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷಿದ್ಧವಾದವು. ಇದರಿಂದ 'ಕಾಂಪೋಸ್ಟಬಲ್' ಚೀಲಗಳಿಗೆ ಬೇಡಿಕೆ ಬಂತು. ಆದರೆ ಬರೀ ಪಿಷ್ಟದ ಚೀಲ ಒದ್ದೆಯಾದರೆ ನಿಲ್ಲದು. ಆದ್ದರಿಂದ ಅದಕ್ಕೆ ಜೈವಿಕವಾಗಿ ವಿಘಟನೆಯಾಗುವ ಇತರ ಪಾಲಿಮರ್‌ಗಳನ್ನು ಬೆರೆಸುತ್ತಾರೆ. ಅವುಗಳಲ್ಲಿ ಕೆಲವು ಪೆಟ್ರೋಲಿಯಂ ಮೂಲದವು. ಅದರ ಮೇಲಿನ 'ಕಾಂಪೋಸ್ಟಬಲ್' ಮುದ್ರೆಯ ಅರ್ಥ, ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ತೇವವಿರುವ ಗೊಬ್ಬರ ಘಟಕದಲ್ಲಿ ಅದು ಕೊಳೆಯುತ್ತದೆ ಎಂದು. ರಸ್ತೆ ಬದಿಯಲ್ಲಿ, ರಾಜಕಾಲುವೆಯಲ್ಲಿ ಆ ಶಾಖ ಎಲ್ಲಿಂದ ಬರಬೇಕು? ಒಣ ಕಸದೊಡನೆ ಸೇರಿದರಂತೂ ಮರುಬಳಕೆಯ ಪ್ಲಾಸ್ಟಿಕ್ಕನ್ನೂ ಅದು ಕೆಡಿಸುತ್ತದೆ.

ಇಂಥ ಚೀಲಗಳನ್ನು ಮಾರಲು ಅನುಮತಿ ನೀಡುವ ಸರ್ಕಾರ, ಅವನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ತಕ್ಕ ಘಟಕಕ್ಕೆ ಮುಟ್ಟಿಸುವ ವ್ಯವಸ್ಥೆಯನ್ನೂ ಮಾಡಬೇಕು. ಅಲ್ಲಿಯವರೆಗೆ 'ಮೆಕ್ಕೆಜೋಳದ ಚೀಲ' ಎಂಬುದು ಎಸೆಯುವ ಅಭ್ಯಾಸಕ್ಕೆ ಸಿಕ್ಕ ಇನ್ನೊಂದು ನೆಪ ಮಾತ್ರ. ಹೊಲವೊಂದು ತಿಂಗಳುಗಟ್ಟಲೆ ನೀರುಂಡು ಬೆಳೆದ ಕಾಳನ್ನು ಅಂಗಡಿಯಿಂದ ಮನೆಯವರೆಗಿನ ಹತ್ತು ನಿಮಿಷಕ್ಕಾಗಿ ವ್ಯಯಿಸುವುದಕ್ಕಿಂತ, ಹಳೆಯ ಬಟ್ಟೆ ಚೀಲವೊಂದನ್ನು ಹಿಡಿದು ಹೊರಡುವುದು ಸುಲಭವಲ್ಲವೇ?